ತಡವಾಗಿ ಬಂದ ನಾಯಿಗಳು

ಪ್ರತಿ ಗುರುವಾರ ಊಟದ ಹೊತ್ತಿಗೆ ಆ ಪಶು ಆಸ್ಪತ್ರೆಯ ಷಟರ್ ಅರ್ಧಕ್ಕೆ ಇಳಿಯುತ್ತಿತ್ತು. ಹೊರಗೆ ಯಾರಾದರೂ ಬೆಕ್ಕು ಹಿಡಿದು ನಿಂತಿದ್ದರೆ ನರ್ಸಮ್ಮ ಬಗ್ಗಿ ಮುಖ ತೋರಿಸಿ, "ಜೀವ ಹೋಗೋ ಹಾಗಿದ್ರೆ ಒಳಗೆ ಬನ್ನಿ. ಇಲ್ಲಾಂದ್ರೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ, ಹಿಂಡ್ತಾ ಇದ್ದಾರೆ" ಅನ್ನುತ್ತಿದ್ದಳು. ಒಳಗೆ ಹಿಂಡುತ್ತಿದ್ದದ್ದು ಬಟ್ಟೆಯನ್ನಲ್ಲ, ಪೇಪರನ್ನು. ಪಶುವೈದ್ಯರ ಪತ್ರಿಕೆಗಳಲ್ಲಿ ಬರುವ ಸಂಶೋಧನೆಯ ಪೇಪರೊಂದನ್ನು ಮುಂದಿಟ್ಟುಕೊಂಡು, ಊಟದ ಡಬ್ಬಿ ಬಿಚ್ಚಿ, ಅದರಲ್ಲಿ ರಸವೆಷ್ಟು ಸಿಪ್ಪೆಯೆಷ್ಟು ಎಂದು ಹಿಂಡಿ ನೋಡುವುದು ದೊಡ್ಡ ಡಾಕ್ಟ್ರು ಹಾಕಿಕೊಟ್ಟ ಪದ್ಧತಿ.

ಅದಕ್ಕೆ ಅವರದೇ ಕಾನೂನು ಇತ್ತು. ಮೊದಲ ಪುಟದ ಸಾರಾಂಶ ಓದಕೂಡದು. "ಅದು ಅಂಗಡಿ ಬೋರ್ಡು. ಬೋರ್ಡು ನೋಡಿ ಯಾರಾದ್ರೂ ಸಾಮಾನು ತೂಗ್ತಾರಾ?" ಎಂದು ಆ ಪುಟವನ್ನು ಮಡಚಿ ಡಬ್ಬಿಯ ಕೆಳಗೆ ಇಡುತ್ತಿದ್ದರು. ಆಮೇಲೆ ಮೂರು ಪ್ರಶ್ನೆ: ಸಂಶೋಧನೆಗೆ ಒಳಹೊಕ್ಕ ಪ್ರಾಣಿಗಳೆಷ್ಟು, ಹೊರಬಂದವೆಷ್ಟು, ನಡುವೆ ಕಾಣೆಯಾದವು ಎಲ್ಲಿ ಹೋದವು?

ಈ ವಿದ್ಯೆಯಲ್ಲಿ ಅವರನ್ನೂ ಮೀರಿಸಿದವಳು ಅವರ ತಂಗಿಯ ಮಗಳು. ಓದು ಮುಗಿಸಿ ಸೋದರಮಾವನ ಆಸ್ಪತ್ರೆಗೇ ಬಂದು ಸೇರಿದ ಈ ಹುಡುಗಿಗೆ ಮಾವನೇ ಇಟ್ಟ ಹೆಸರು ತಕರಾರಮ್ಮ. ಅವಳ ಬಾಯಿಗೆ ಸಿಕ್ಕ ಪೇಪರ್ ಇಡಿಯಾಗಿ ವಾಪಸ್ಸು ಬಂದದ್ದೇ ಇಲ್ಲ. ಮಾವ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು.

ಇಷ್ಟು ಬುದ್ಧಿವಂತರು ಸೇರಿ ಒಂದು ಪೆದ್ದು ಕೆಲಸ ಮಾಡುತ್ತಿದ್ದರು, ಅದನ್ನೂ ಹೇಳಿಬಿಡಬೇಕು. ಅವರು ಹಿಂಡುತ್ತಿದ್ದದ್ದು ಹೊಸ ಪೇಪರುಗಳನ್ನು ಮಾತ್ರ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಹಳೆಯ ಮಾತುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೊಸ ಸೊಸೆಗೆ ನೂರು ಪರೀಕ್ಷೆ, ಹಳೇ ಅತ್ತೆ ಏನು ಮಾಡಿದರೂ ಸರಿ!

ಅಂಥ ಹಳೆಯ ಮಾತೊಂದು ಬೆನ್ನು ಕೆಟ್ಟ ನಾಯಿಗಳದು. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗೆ ಇರುವ ಡಿಸ್ಕು ಒಡೆದು ಬೆನ್ನುಹುರಿಯನ್ನು ಒತ್ತಿದರೆ ಹಿಂಗಾಲುಗಳ ಸ್ವಾಧೀನ ತಪ್ಪುತ್ತದೆ. ಆಗ ಹಿಂಗಾಲಿನ ಬೆರಳನ್ನು ಇಕ್ಕಳದಲ್ಲಿ ಬಲವಾಗಿ ಅದುಮಿ ನೋಡುತ್ತಾರೆ. ಕಾಲು ಎಳೆದುಕೊಂಡರೆ ಸಾಲದು, ಅದು ಕಾಲು ತಾನಾಗಿ ಮಾಡುವ ಚೇಷ್ಟೆ. ನೋವು ಮೆದುಳಿಗೆ ಮುಟ್ಟಬೇಕು; ನಾಯಿ ತಿರುಗಿ ನೋಡಬೇಕು, ಗುರ್ ಅನ್ನಬೇಕು. ಹಾಗಾದರೆ ಮತ್ತೆ ನಡೆಯುವ ಆಸೆಯಿದೆ. ಅದೂ ಇಲ್ಲವಾಗಿ ಎರಡು ದಿನ ದಾಟಿದ್ದರೆ ಆಪರೇಷನ್ ಮಾಡಿ ಉಪಯೋಗವಿಲ್ಲ, ಮಲಗಿಸಿಬಿಡುವುದೇ ದಯೆ. ಮಲಗಿಸುವುದು ಅಂದರೆ ಮತ್ತೆ ಏಳದ ಹಾಗೆ. ಇದು ಅವರ ಕಾಲೇಜಿನ ಪುಸ್ತಕದಲ್ಲಿತ್ತು, ಮಾವನ ಬಾಯಲ್ಲಿತ್ತು, ಅವಳ ಬಾಯಲ್ಲೂ ಇತ್ತು.

ಲಾರಿ ಡ್ರೈವರು ಬಂದದ್ದು ಒಂದು ಬೆಳಗ್ಗೆ. ಆರಡಿಯ ಆಳು, ತೋಳಿನಲ್ಲಿ ಒಂದು ಉದ್ದನೆ ಗಿಡ್ಡನೆ ನಾಯಿ. ಅದರ ಆಕಾರ ನೋಡಿ ಅವನೇ ಇಟ್ಟ ಹೆಸರು ಬೆಂಚು. ಅದು ಅವನ ಪಕ್ಕದ ಸೀಟಿನಲ್ಲಿ ಕೂತು ಊರೂರು ತಿರುಗುವ ನಾಯಿ. ಈ ಸಲ ಮಳೆ ನೀರು ನಿಂತ ದಾರಿ ಅಂತ ಅಕ್ಕನ ಮನೆಯಲ್ಲಿ ಬಿಟ್ಟು ಹೋಗಿದ್ದ. ಹೋದ ಮಾರನೇ ದಿನವೇ ಬೆಂಚು ಮಂಚದಿಂದ ಹಾರಿ ಕುಯ್ ಅಂದಿದೆ. ಅಕ್ಕ ಉಳುಕಿರಬೇಕು ಅಂತ ಎಣ್ಣೆ ತಿಕ್ಕಿದ್ದಾಳೆ. ಇವನು ವಾಪಸ್ಸು ಬರುವ ಹೊತ್ತಿಗೆ ಹಿಂಗಾಲು ಎರಡನ್ನೂ ಎಳೆದುಕೊಂಡು ತೆವಳುತ್ತಿತ್ತು.

ದೊಡ್ಡ ಡಾಕ್ಟ್ರು ಬೆರಳು ಅದುಮಿದರು. ಬೆಂಚು ಡ್ರೈವರನ ಮುಖವನ್ನೇ ನೋಡುತ್ತಾ ಬಾಲ ಆಡದ್ದರಿಂದ ಸಂತೋಷಕ್ಕೆ ಕಿವಿ ಅಲ್ಲಾಡಿಸಿತು. ಇನ್ನೊಂದು ಕಾಲು ಅದುಮಿದರು. ಅದಕ್ಕೆ ಯಾರೋ ತನ್ನ ಕಾಲು ಹಿಡಿದಿದ್ದಾರೆ ಅನ್ನುವುದೇ ಗೊತ್ತಿರಲಿಲ್ಲ.

"ಇದಾಗಿ ಮೂರನೇ ದಿನ ಅಲ್ವೇನಪ್ಪಾ?" ಎಂದರು ಡಾಕ್ಟ್ರು ಮೆಲ್ಲಗೆ. "ಎರಡು ದಿನದೊಳಗೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಈಗ ಆಪರೇಷನ್ ಮಾಡಿದ್ರೂ ಏಳಲ್ಲ."

"ಯಾರು ಹೇಳಿದ್ದು ಸಾರ್?"

"ಎಲ್ಲಾರೂ ಹೇಳ್ತಾರೆ."

"ಎಲ್ಲಾರೂ ಅಂದ್ರೆ ಯಾರು ಸಾರ್? ಒಬ್ಬರ ಹೆಸರಾದ್ರೂ ಹೇಳಿ. ನಾನು ಹೋಗಿ ಕೇಳ್ಕೊಂಡು ಬರ್ತೀನಿ."

ಅವನು ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ಲಾರಿ ತೆಗೆದುಕೊಂಡು ಹೋಗಿ ಕೇಳಿಕೊಂಡು ಬರುವವನ ಹಾಗೆ ನಿಂತಿದ್ದ. ಡಾಕ್ಟ್ರು ಅವನ ಭುಜದ ಮೇಲೆ ಕೈಯಿಟ್ಟರು. ಮಾತು ನಿಧಾನವಾಗಿ ಅವನೊಳಗೆ ಇಳಿಯಿತು. ಕೊನೆಗೆ ತಲೆಯಾಡಿಸಿದ. ಪಕ್ಕದ ಸಣ್ಣ ರೂಮಿನಲ್ಲಿ ಬೆಂಚನ್ನು ಮಡಿಲಲ್ಲಿಟ್ಟುಕೊಂಡು ಕೂತ. ಡಾಕ್ಟ್ರು ಔಷಧಿ ಬೀರುವಿನ ಬೀಗದ ಕೈ ಹುಡುಕಲು ಹೋದರು.

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ತಕರಾರಮ್ಮನಿಗೆ ಉರಿಯಿತು. ಹೆಸರು ಕೇಳುತ್ತಾನಲ್ಲ, ಮುಖಕ್ಕೇ ತೋರಿಸಿಬಿಡೋಣ ಅಂದುಕೊಂಡು ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಪುಸ್ತಕ ತೆಗೆದಳು. ಎರಡು ದಿನದ ಮಾತು ಇತ್ತು, ಅದಕ್ಕೆ ಆಧಾರ ಇನ್ನೊಂದು ಪುಸ್ತಕ. ಆ ಪುಸ್ತಕಕ್ಕೆ ಆಧಾರ ಬೇರೆಯವರ ಪೇಪರುಗಳನ್ನು ಒಟ್ಟುಮಾಡಿ ಬರೆದ ಒಂದು ವಿಮರ್ಶೆ. ವಿಮರ್ಶೆಗೆ ಆಧಾರ ಇನ್ನೊಂದು ವಿಮರ್ಶೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರೇ ಎಲ್ಲರೂ, ಕೊಟ್ಟಿಗೆಗೆ ಹೋಗಿ ನೋಡಿದವರು ಒಬ್ಬರೂ ಇಲ್ಲ. ಎಲ್ಲದರ ಬುಡದಲ್ಲಿ ಒಂದೇ ಒಂದು ಹಳೆಯ ಪೇಪರ್ ಇತ್ತು. ಯಾರೋ ಸೊಟ್ಟಗೆ ಸ್ಕ್ಯಾನ್ ಮಾಡಿ ಹಾಕಿದ್ದರು.

ಸಾರಾಂಶದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಎರಡು ದಿನ ದಾಟಿ ಬಂದ ಹನ್ನೊಂದು ನಾಯಿಗಳಲ್ಲಿ ಒಂದೂ ನಡೆಯಲಿಲ್ಲ. ಸರಿ, ಸಿಕ್ಕಿತಲ್ಲ. ಪ್ರಿಂಟ್ ಕೊಡಲು ಕೈ ಹೋಯಿತು, ಹೋಗಿ ನಿಂತಿತು. ತಾನು ಬೋರ್ಡು ಓದುತ್ತಿದ್ದೇನೆ! ನಾಚಿಕೆಯಾಯಿತು. ಹೊಸ ಪೇಪರ್ ಆಗಿದ್ದರೆ ಈ ಪುಟವನ್ನು ಅವಳು ಮೂಸಿಯೂ ನೋಡುತ್ತಿರಲಿಲ್ಲ.

ಕೆಳಗೆ ಇಳಿದಳು. ಹನ್ನೊಂದು ಒಳಹೊಕ್ಕಿವೆ. ಆಪರೇಷನ್ ಆದವುಗಳ ಪಟ್ಟಿಯಲ್ಲಿ ಎರಡೇ ಇವೆ. ಉಳಿದ ಒಂಬತ್ತು ಎಲ್ಲಿ? ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು. ಕೋಷ್ಟಕದ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಟಿಪ್ಪಣಿ ಇತ್ತು. ಒಂಬತ್ತು ನಾಯಿಗಳು ಗುಣವಾಗುವ ಸಂಭವವಿಲ್ಲವೆಂದು ಆಪರೇಷನ್ ಮಾಡದೆ ಮಲಗಿಸಲಾಯಿತು. ಅವನ್ನು 'ನಡೆಯದವು' ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ. ಆಪರೇಷನ್ ಆದ ಎರಡನ್ನೂ ಒಂದು ವಾರ ನೋಡಿ ಮಲಗಿಸಿದ್ದರು.

ಅವಳು ಮತ್ತೊಮ್ಮೆ ಓದಿದಳು. ಏಳುವುದಿಲ್ಲ ಎಂದು ಕೊಂದಿದ್ದಾರೆ. ಕೊಂದದ್ದರಿಂದ ಏಳಲಿಲ್ಲ. ಏಳಲಿಲ್ಲವಾದ್ದರಿಂದ ಏಳುವುದಿಲ್ಲ ಎಂದು ಬರೆದಿದ್ದಾರೆ. ಅದನ್ನು ಓದಿಕೊಂಡ ಲೋಕವೆಲ್ಲ ಏಳುವುದಿಲ್ಲ ಎಂದು ಕೊಲ್ಲುತ್ತಾ ಬಂದಿದೆ.

ಹೊರಗೆ ಬೀರುವಿನ ಬಾಗಿಲು ಕಿರ್ ಅಂದ ಸದ್ದು. ಅವಳು ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಓಡಿಬಂದಾಗ ಮಾವ ಸಿರಿಂಜಿಗೆ ಔಷಧಿ ಎಳೆದುಕೊಂಡು ಸಣ್ಣ ರೂಮಿನ ಬಾಗಿಲಿಗೆ ಕೈ ಹಾಕಿದ್ದರು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಮಾಮ, ಒಂದು ನಿಮಿಷ. ಒಳಗೆ ಬನ್ನಿ."

"ಪಾಪ ಅವನು ಮನಸ್ಸು ಗಟ್ಟಿ ಮಾಡ್ಕೊಂಡು ಕೂತಿದ್ದಾನೆ ಕಣೆ. ಇದು ತಕರಾರು ಮಾಡೋ ಹೊತ್ತಾ?"

"ಇದೇ ಹೊತ್ತು. ಬನ್ನಿ."

ಒಳಗೆ ಕೂರಿಸಿ ಒಂದೇ ಉಸಿರಿನಲ್ಲಿ ಹೇಳಿದಳು. ಅವರು ಪರದೆಯ ಕಡೆ ನೋಡಲೇ ಇಲ್ಲ. "ಆ ಪೇಪರ್ ಹಾಳಾಗಿ ಹೋಗಲಿ. ನನ್ನ ಕಣ್ಣೇ ಇದೆಯಲ್ಲ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಇಷ್ಟು ವರ್ಷದಲ್ಲಿ ತಡವಾಗಿ ಬಂದ ನಾಯಿ ಒಂದೇ ಒಂದು ಎದ್ದು ನಡೆದಿದ್ದು ನಾನು ನೋಡಿಲ್ಲ. ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕ್ತವಾ?"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಕಲಿಸಿದ್ದು ನೀವೇ ಮಾಮ. ತಡವಾಗಿ ಬಂದ ನಾಯಿಗಳಲ್ಲಿ ಎಷ್ಟಕ್ಕೆ ಆಪರೇಷನ್ ಮಾಡಿದ್ದೀರ?"

ಕೇಳಿದ ಮೇಲೆ ಅವಳಿಗೆ ತಾನು ಏನು ಕೇಳಿದೆ ಎಂದು ಹೊಳೆಯಿತು. ಮಾತು ವಾಪಸ್ಸು ನುಂಗುವ ಹಾಗಿದ್ದರೆ ನುಂಗಿಬಿಡುತ್ತಿದ್ದಳು.

ಅವರು ಸಿರಿಂಜನ್ನು ಮೇಜಿನ ಮೇಲಿಟ್ಟು ಅದು ಉರುಳದಂತೆ ಬೆರಳಿನಿಂದ ತಡೆದು ಹಿಡಿದರು.

"ಒಂದಕ್ಕೂ ಇಲ್ಲ" ಎಂದರು.

ಆಮೇಲೆ ಕನ್ನಡಕ ಏರಿಸಿಕೊಂಡು ಕಂಪ್ಯೂಟರಿಗೆ ತಿರುಗಿದರು. ಸಾರಾಂಶವನ್ನು ಮೇಲಕ್ಕೆ ಸರಿಸಿದರು, ಸಂಶೋಧನೆ ಮಾಡಿದ ವಿಧಾನದ ಭಾಗದಿಂದ ಶುರು ಮಾಡಿದರು. ಹೊರಗೆ ಡ್ರೈವರು ನಾಯಿಗೆ ಏನೋ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು, ಬೆನ್ನುಹುರಿ ಒತ್ತಡದಲ್ಲೇ ಇತ್ತು, ಇವರು ಒಂದೊಂದೇ ಸಾಲು ಓದುತ್ತಿದ್ದರು. ಅವಳಿಗೆ ಕಿರುಚಬೇಕು ಅನ್ನಿಸಿತು. ಆದರೆ ಪೂರ್ತಿ ಓದದೆ ಮಾತಾಡುವವರಿಗೆ ಈ ಮನುಷ್ಯ ಉಗಿಯುವುದನ್ನು ನೋಡಿಯೇ ಅವಳು ಬೆಳೆದದ್ದು.

ಓದಿ ಮುಗಿಸಿ ಅವರು ಹೇಳಿದರು, "ನೀನು ಹೇಳಿದ್ದು ಸರಿ, ಆದರೆ ಅರ್ಧ. ಏಳಲ್ಲ ಅನ್ನೋದಕ್ಕೆ ಇದರಲ್ಲಿ ಆಧಾರ ಇಲ್ಲ. ಏಳುತ್ತೆ ಅನ್ನೋದಕ್ಕೆ ಎಲ್ಲಿದೆ?"

"ಇಲ್ಲ."

"ಬೆನ್ನುಹುರಿ ಕೊಳೀತಾ ಮೇಲಕ್ಕೆ ಹತ್ತಿದ್ರೆ ಏನಾಗುತ್ತೆ ಗೊತ್ತಲ್ಲ? ಉಸಿರು ಕಟ್ಟಿ ನರಳಿ ಸಾಯುತ್ತೆ. ಈ ಸೂಜಿ ತಪ್ಪಿಸಿ ಅದನ್ನ ಕೊಟ್ಟರೆ ಅದು ದಯೆಯಾ? ಅವನಿಗೆ ಏನು ಹೇಳ್ತೀಯ?"

"ಗೊತ್ತಿಲ್ಲ ಅಂತ ಹೇಳ್ತೀನಿ."

"ಹೋಗಿ ಹೇಳು. ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ."

ಕಷ್ಟವೇ ಆಯಿತು. ಎಲ್ಲವನ್ನೂ ಹೇಳಿದಳು, ನರಳಿ ಸಾಯುವುದನ್ನೂ ಬಿಡದೆ. ಡ್ರೈವರು ಕೇಳಿಸಿಕೊಂಡು ಎದ್ದು ನಿಂತ.

"ಈಗಷ್ಟೇ ಗೊತ್ತಿತ್ತು ನಿಮಗೆ! ಏಳಲ್ಲ ಅಂದ್ರಿ. ನಾನು ಇದರ ಹತ್ರ ತಪ್ಪಾಯ್ತು ಅಂತ ಹೇಳಿ ಮುಗಿಸಿದ್ದೆ. ಈಗ ಬಂದು ಗೊತ್ತಿಲ್ಲ ಅಂತೀರಾ? ನಿಮಗೆ ಮನಸ್ಸು ಅನ್ನೋದು ಇದೆಯೇನಮ್ಮಾ?"

ಅವನು ಮುಖ ಒರೆಸಿಕೊಂಡ. ಬೆಂಚು ಅವನ ಗಡಿಯಾರದ ಪಟ್ಟಿಯನ್ನು ನೆಕ್ಕುತ್ತಿತ್ತು.

"ಮಾಡಿ" ಎಂದ ಕೊನೆಗೆ. "ಆದರೆ ನರಳೋಕೆ ಶುರು ಮಾಡಿದ್ರೆ ಆ ಕ್ಷಣವೇ ಹೇಳಬೇಕು. ಮುಚ್ಚಿಡಬಾರದು."

ಬೆನ್ನಿಗೆ ಬಣ್ಣದ ಮದ್ದು ಕೊಟ್ಟು ಎಕ್ಸ್‌ರೇ ತೆಗೆದರು, ಡಿಸ್ಕು ಒತ್ತಿದ ಜಾಗ ಸಿಕ್ಕಿತು. ಆಪರೇಷನ್ ಮಾಡಿದವರು ಮಾವನೇ. ಅವಳು ಎದುರು ನಿಂತು ಕೈಜೋಡಿಸಿದಳು. ಮೂಳೆಯನ್ನು ಅಷ್ಟಷ್ಟೇ ಕೊರೆದು, ಹುರಿಗೆ ಅಂಟಿದ್ದ ಡಿಸ್ಕಿನ ಚೂರುಗಳನ್ನು ಉಸಿರು ಬಿಗಿಹಿಡಿದು ಎತ್ತುತ್ತಿದ್ದ ಆ ಕೈಗಳನ್ನು ನೋಡುತ್ತಾ ಅವಳಿಗೆ ಒಂದು ವಿಷಯ ಹೊಳೆಯಿತು. ಈ ನಾಯಿ ಏಳದಿದ್ದರೆ ಮಾವನಿಗೆ ಬಿಡುಗಡೆ. ಎದ್ದು ನಡೆದರೆ, ಅವರು ಇಷ್ಟು ವರ್ಷ ದಯೆಯೆಂದು ಮಲಗಿಸಿದ ಒಂದೊಂದು ನಾಯಿಯೂ ಎದ್ದು ಬಂದು ಅವರ ಮುಂದೆ ನಿಲ್ಲುತ್ತದೆ. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಆ ಕೈ ಒಂದು ಸಲವೂ ಅವಸರ ಮಾಡಲಿಲ್ಲ. ಅವಳಿಗೆ ಆ ಹೊತ್ತು ಮಾವನ ಮೇಲೆ ಬಂದ ಪ್ರೀತಿಯನ್ನು ಹೇಳಲು ಬಾಯಿಗೆ ಮುಸುಕು ಕಟ್ಟಿತ್ತು.

ಆಮೇಲಿನ ದಿನಗಳು ಎಲ್ಲರ ಜೀವ ಹಿಂಡಿದವು. ಬೆಂಚಿನ ಬೆನ್ನಿನ ಮೇಲೆ ಚರ್ಮಕ್ಕೆ ಸ್ಪರ್ಶ ತಿಳಿಯುವ ಗಡಿಗೆ ಮಾವ ಪೆನ್ನಿನಲ್ಲಿ ಒಂದು ಗೆರೆ ಎಳೆದಿದ್ದರು. ಗಡಿ ಆ ಗೆರೆ ದಾಟಿ ತಲೆಯ ಕಡೆ ಸರಿದರೆ ಹುರಿ ಕೊಳೆಯುತ್ತಿದೆ ಎಂದರ್ಥ. ಇಬ್ಬರೂ ಸರದಿಯ ಮೇಲೆ ಗೆರೆಯ ಹತ್ತಿರ ಕೈಯಿಟ್ಟು ನೋಡುತ್ತಿದ್ದರು. ಡ್ರೈವರು ರಸ್ತೆಯ ತಿರುವಿನಲ್ಲಿ ಲಾರಿ ನಿಲ್ಲಿಸಿಕೊಂಡು ಅದರಲ್ಲೇ ಠಿಕಾಣಿ ಹೂಡಿದ್ದ. ಎದುರಿನ ಅಂಗಡಿಯವರು ಬೈದರೆ ಕೈ ಮುಗಿಯುತ್ತಿದ್ದ, ಮಾಲಿಕ ಫೋನಿನಲ್ಲಿ ಬೈದರೆ ಫೋನು ಮಡಚಿ ಜೇಬಿಗೆ ಹಾಕುತ್ತಿದ್ದ.

ಗಡಿ ಸರಿಯಲಿಲ್ಲ. ಅಷ್ಟರಮಟ್ಟಿಗೆ ಬದುಕಿತು. ಆದರೆ ಬೆರಳು ಅದುಮಿದರೆ ಏನೂ ಇಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ, ವಾರವಾದರೂ ಇಲ್ಲ. ಆ ಹಳೆಯ ಪೇಪರಿನವರು ಕೈಬಿಟ್ಟ ದಿನ ಬಂತು, ಹೋಯಿತು.

ಒಂದು ಬೆಳಗ್ಗೆ ಅವಳು ಎಡಗಾಲಿನ ಬೆರಳು ಅದುಮಿ ಕೂಗಿದಳು, "ತಿರುಗಿತು ಮಾಮ! ನೋಡಿದ್ರಾ? ತಿರುಗಿತು!"

"ಇಲ್ಲ. ನರ್ಸಮ್ಮ ಬಾಗಿಲು ತೆಗೆದಳಲ್ಲ, ಆ ಸದ್ದಿಗೆ ತಿರುಗಿದ್ದು."

"ಬಾಗಿಲಿಗೆ ಮುಂಚೆ ತಿರುಗಿತು!"

"ಆಮೇಲೆ."

"ಮುಂಚೆ!"

ಇಬ್ಬರೂ ಸಂತೆಯವರ ಹಾಗೆ ಕೂಗಾಡಿದರು. ಮಾವನೇ ಮೊದಲು ನಿಲ್ಲಿಸಿದ್ದು. ಕುರ್ಚಿ ಎಳೆದು ಕೂತರು. ಇಷ್ಟು ದಿನದಲ್ಲಿ ಮುಖ ಇಳಿದುಹೋಗಿತ್ತು.

"ಪುಟ್ಟೀ, ನಿಜ ಹೇಳ್ತೀನಿ. ಇದು ಏಳಬಾರದು ಅನ್ನೋ ಆಸೆ ನನ್ನೊಳಗಿದೆ. ಓಡಿಸಿದ್ರೂ ಹೋಗ್ತಿಲ್ಲ, ನಾಚಿಕೆಗೆಟ್ಟದ್ದು. ಏಳಬೇಕು ಅನ್ನೋ ಹಟ ನಿನ್ನೊಳಗಿದೆ. ಈ ನಾಯಿ ತಿರುಗಿತೋ ಇಲ್ಲವೋ ಹೇಳೋಕೆ ನಾವಿಬ್ಬರೂ ಲಾಯಕ್ಕಿಲ್ಲ. ನರ್ಸಮ್ಮನ್ನ ಕರಿ."

ಡ್ರಿಪ್ ಹಾಕುವ ಸ್ಟ್ಯಾಂಡ್ ಎರಡನ್ನು ತಂದು ನಡುವೆ ಒಂದು ಬೆಡ್‌ಶೀಟ್ ಕಟ್ಟಿದರು. ಆ ಕಡೆ ಬೆಂಚಿನ ತಲೆ ಮತ್ತು ನರ್ಸಮ್ಮ. ಈ ಕಡೆ ಹಿಂಗಾಲು, ಮಾವ, ಅವಳು. ಕಿಟಕಿ ಮುಚ್ಚಿದರು, ಬಾಗಿಲಿಗೆ ಚಿಲಕ ಹಾಕಿದರು. ನರ್ಸಮ್ಮನಿಗೆ ಹೇಳಿದ್ದು ಇಷ್ಟೇ: ನಾಯಿಯ ಮುಖ ಬದಲಾದರೆ ಹೂಂ ಅನ್ನು, ಇಲ್ಲದಿದ್ದರೆ ಸುಮ್ಮನಿರು.

"ಇದೇನು ಬೊಂಬೆಯಾಟವಾ?" ಎಂದಳು ನರ್ಸಮ್ಮ.

"ಬಾಯಿ ಮುಚ್ಕೊಂಡು ಮುಖ ನೋಡಮ್ಮಾ."

ಮಾವ ಒಂದು ಬೆರಳು ತೋರಿಸಿದರೆ ಎಡಗಾಲು, ಎರಡು ತೋರಿಸಿದರೆ ಬಲಗಾಲು, ಮುಷ್ಟಿ ತೋರಿಸಿದರೆ ಮುಟ್ಟಕೂಡದು. ಮೊದಲು ಮುಷ್ಟಿ. ಆ ಕಡೆ ಸದ್ದಿಲ್ಲ. ಎರಡು ಬೆರಳು. ಅವಳು ಬಲಗಾಲನ್ನು ಅದುಮಿದಳು, ಇನ್ನೂ ಅದುಮಿದಳು. ಸದ್ದಿಲ್ಲ. ಮತ್ತೆ ಮುಷ್ಟಿ. ಒಂದು ಬೆರಳು. ಎಡಗಾಲನ್ನು ಅದುಮಿದಳು.

"ಹೂಂ."

ಅವಳು ಮಾವನ ಮುಖ ನೋಡಿದಳು. ಅವರು ನೋಡಲಿಲ್ಲ, ಮುಷ್ಟಿ ತೋರಿಸಿದರು. ಸದ್ದಿಲ್ಲ. ಮತ್ತೆ ಮುಷ್ಟಿ. ಸದ್ದಿಲ್ಲ. ಬಲಗಾಲು. ಸದ್ದಿಲ್ಲ. ಒಂದು ಬೆರಳು.

"ಹೂಂ. ಮೂತಿ ತಿರುಗಿಸ್ತು."

ಮುಷ್ಟಿ. ಸದ್ದಿಲ್ಲ. ಒಂದೇ ಬೆರಳು. ಅವಳು ಅದುಮಿದಳು.

"ಅಯ್ಯೋ, ಹಲ್ಲು ಬಿಡ್ತು ಕಣ್ರೀ! ಏನು ಮಾಡ್ತಿದ್ದೀರ ಆ ಕಡೆ ಪಾಪದ್ದಕ್ಕೆ?"

ಬೆಂಚು ಗುರ್ ಅಂದದ್ದು ಬೆಡ್‌ಶೀಟಿನ ಈಚೆಗೂ ಕೇಳಿಸಿತು. ಅವಳು ಇಕ್ಕಳ ಬಿಸಾಕಿ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಖುಷಿಗೆ ಅಳು ಬಂತು. ನರ್ಸಮ್ಮ ಬೆಡ್‌ಶೀಟಿನ ಅಂಚು ಸರಿಸಿ ಇಣುಕಿದವಳು, ಇಬ್ಬರ ಮುಖ ನೋಡಿ ಮತ್ತೆ ಮರೆಗೆ ಸರಿದಳು.

ಮಾವ ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು. ಅವರು ಇಷ್ಟು ವರ್ಷ ಮಲಗಿಸಿದ ನಾಯಿಗಳನ್ನು ಎಣಿಸುತ್ತಿದ್ದಾರೆ ಎಂದು ಅವಳಿಗೆ ಅರ್ಥವಾಯಿತು. ಅವಳ ಖುಷಿ ಅಲ್ಲೇ ಇಳಿದುಹೋಯಿತು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು.

"ಮಾಮ, ಇದು ಒಂದು ನಾಯಿ. ಬರೀ ಒಂದು. ಒಂದು ನಾಯಿಯಿಂದ ಏನೂ ಸಾಬೀತಾಗಲ್ಲ. ಉಳಿದವು ಏಳ್ತಿದ್ವು ಅಂತ ಹೇಳೋಕೆ ಬರಲ್ಲ."

"ಇದು ಗುರ್ ಅನ್ನದೇ ಇದ್ದಿದ್ರೆ? ಆಗಲೂ ಇದೇ ಮಾತು ಹೇಳ್ತಿದ್ಯಾ?"

"ಹೇಳ್ತಿದ್ದೆ."

ಅವರು ಅವಳ ಕಡೆ ತಿರುಗಿದರು. ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಿನ್ನ ಮಾತು ನಾನು ಕೇಳ್ತಿರಲಿಲ್ಲ ಕಣೆ" ಎಂದರು. "ಒಂದೇ ನಾಯಿ ಸಾಕು ಸಾಬೀತಿಗೆ ಅಂತಿದ್ದೆ. ನೋಡು, ಏಳಲಿಲ್ಲ ಅಂತ ಹೇಳಿ, ನಾಳೆ ಬರೋ ನಾಯಿಗೂ ಸೂಜಿ ತುಂಬ್ತಿದ್ದೆ."

ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. "ಸಾರ್, ಬೆಂಚು ಗುರ್ ಅಂದ ಹಾಗಾಯ್ತು. ನರಳ್ತಾ ಇದೆಯಾ ಸಾರ್?" ಡ್ರೈವರನ ದನಿ. "ಮುಚ್ಚಿಡಬೇಡಿ ಸಾರ್, ಹೇಳಿಬಿಡಿ."

ಮಾವ ಅವಳ ಭುಜ ಹಿಡಿದು ಎದ್ದು, ಹೋಗಿ ಚಿಲಕ ತೆಗೆದರು.